ಗಾಳಿ ಬಿಟ್ಟದ

ಹೆಲಿಕಾಪ್ಟರ್ ಓಡಿಸುವವನಿಗೆ ಬಿಸಿಲು ಅಂದರೆ ಬೆವರಲ್ಲ, ತೂಕ. ಇದನ್ನು ಹೇಳಿದರೆ ಜನ ನಗುತ್ತಾರೆ. ಆದರೆ ಇರುವುದೇ ಹಾಗೆ. ಗಾಳಿ ಕಾದಷ್ಟೂ ತೆಳುವಾಗುತ್ತದೆ. ತೆಳುವಾದ ಗಾಳಿಯಲ್ಲಿ ಮೇಲಿನ ರೆಕ್ಕೆಗೆ ಹಿಡಿತ ಸಿಗುವುದಿಲ್ಲ, ಇಂಜಿನ್ನಿಗೆ ಉಸಿರು ಸಾಲುವುದಿಲ್ಲ. ಮುಂದಕ್ಕೆ ಓಡುತ್ತಿರುವಾಗ ಇದು ಅಷ್ಟಾಗಿ ತಿಳಿಯುವುದಿಲ್ಲ. ಗಾಳಿಯಲ್ಲಿ ಒಂದೇ ಕಡೆ ನಿಲ್ಲಬೇಕಾದಾಗ ಬಣ್ಣ ಬಯಲಾಗುತ್ತದೆ. ಹಾಗೆ ನಿಂತಾಗ ಇಂಜಿನ್ನಿನ ಕೈಯಲ್ಲಿ ಇನ್ನೂ ಎಷ್ಟು ಶಕ್ತಿ ಉಳಿದಿದೆ ಅನ್ನುವುದೊಂದೇ ಪ್ರಶ್ನೆ.

ಆ ಬೇಸಿಗೆಯಲ್ಲಿ ನನಗೆ ಸಿಕ್ಕಿದ್ದು ಸುರಪುರ ಮತ್ತು ಶಹಾಪುರದ ನಡುವಿನ ಒಂದು ಬೋಳು ಕಲ್ಲುಗುಡ್ಡದ ಕೆಲಸ. ಮೇಲೆ ವೈರ್‌ಲೆಸ್ ಗೋಪುರ ಕಟ್ಟುತ್ತಿದ್ದರು. ದಾರಿ ಇಲ್ಲ. ಆಳೆತ್ತರದ ಬಂಡೆಗಳ ಸಂದಿಯಲ್ಲಿ ಬರಿಗೈಯಲ್ಲಿ ಹತ್ತುವುದಕ್ಕೇ ಅರ್ಧ ಬೆಳಗು ಹಿಡಿಯುತ್ತಿತ್ತು. ಹಾಗಾಗಿ ಸಿಮೆಂಟು, ಮರಳು, ಕಬ್ಬಿಣ, ಕುಡಿಯುವ ನೀರು, ಜೋಳದ ಹಿಟ್ಟು, ಎಲ್ಲವನ್ನೂ ಬಲೆಯಲ್ಲಿ ತುಂಬಿ, ಹೆಲಿಕಾಪ್ಟರಿನ ಹೊಟ್ಟೆಯಡಿಯ ಕೊಕ್ಕೆಗೆ ಉದ್ದ ಹಗ್ಗದಲ್ಲಿ ತೂಗುಹಾಕಿಕೊಂಡು ನಾನು ಏರಿಸಬೇಕು. ಗುಡ್ಡದ ನೆತ್ತಿಯ ಮೇಲೆ ಗಾಳಿಯಲ್ಲಿ ನಿಂತು, ಬಲೆಯನ್ನು ಬಂಡೆಗೆ ತಾಗದ ಹಾಗೆ ಇಳಿಸಬೇಕು. ಖಾಲಿ ಬಲೆ ತಗೊಂಡು ಹಿಂದಿರುಗಬೇಕು. ಮತ್ತೆ ಏರಬೇಕು.

ನಮ್ಮ ನೆಲೆ ದೇವಾಪುರದ ಹತ್ತಿರ ಹತ್ತಿ ಬಿಡಿಸಿ ಖಾಲಿಯಾಗಿದ್ದ ಒಂದು ಹೊಲ. ಕಪ್ಪು ಮಣ್ಣು. ಟ್ಯಾಂಕರಿನಿಂದ ನೀರು ಹೊಡೆಸಿದರೂ ರೆಕ್ಕೆ ತಿರುಗಿದೊಡನೆ ಧೂಳು ಎದ್ದು ಇಂಜಿನ್ನಿನ ಹೊಟ್ಟೆಗೆ ಹೋಗುತ್ತಿತ್ತು. ನನ್ನ ಜೊತೆಗಿದ್ದ ಇಂಜಿನಿಯರ್ ಕೇರಳದವರು, ಮಾತು ಕಡಿಮೆ, ಕನ್ನಡ ಇನ್ನೂ ಕಡಿಮೆ. ಪ್ರತಿ ಸಂಜೆ ಅವರು ಇಂಜಿನ್ನಿನ ಒಳಗೆ ನೀರು ಬಿಟ್ಟು ತೊಳೆಯುತ್ತಿದ್ದರು. ಪ್ರತಿ ಬೆಳಿಗ್ಗೆ ನಾನು ಹೆಲಿಕಾಪ್ಟರನ್ನು ಹೊಲದ ಮೇಲೆ ಮೊಣಕಾಲೆತ್ತರಕ್ಕೆ ಎತ್ತಿ ನಿಲ್ಲಿಸಿ ಎದುರಿನ ಮಾಪಕಗಳ ಎರಡು ಮುಳ್ಳು ನೋಡುತ್ತಿದ್ದೆ. ಒಂದು, ಇಂಜಿನ್ ರೆಕ್ಕೆಗೆ ಕೊಡುತ್ತಿರುವ ಬಲ. ಇನ್ನೊಂದು, ಇಂಜಿನ್ನಿನ ಒಳಗಿನ ಬೆಂಕಿಯ ಕಾವು. ತಂಪು ಊರಿನಲ್ಲಿ ಮೊದಲನೆಯ ಮುಳ್ಳು ಮೊದಲು ಮಿತಿ ಮುಟ್ಟುತ್ತದೆ. ಇಲ್ಲಿ ಎರಡನೆಯದೇ ಓಡಿಹೋಗಿ ಕೆಂಪು ಗೆರೆಯ ಪಕ್ಕ ನಿಂತುಬಿಡುತ್ತಿತ್ತು. ಎಷ್ಟು ತೊಳೆದರೂ ದಿನದಿಂದ ದಿನಕ್ಕೆ ಅದು ಕೂದಲೆಳೆಯಷ್ಟು ಗೆರೆಗೆ ಹತ್ತಿರವಾಗುತ್ತಿರುವುದು ನಮ್ಮಿಬ್ಬರಿಗೂ ಕಾಣುತ್ತಿತ್ತು. ಬಿಸಿಲೇರುವ ಹೊತ್ತಿಗೆ ಕೆಲಸ ನಿಲ್ಲಿಸಿ, ರೆಕ್ಕೆಗೆ ಹಗ್ಗ ಬಿಗಿದು, ಸುರಪುರದ ಲಾಡ್ಜಿಗೆ ಹೋಗಿ ಬಾಗಿಲು ಹಾಕಿಕೊಳ್ಳುವುದು ನನ್ನ ದಿನಚರಿ.

ಆ ಲಾಡ್ಜಿನ ಮಧ್ಯಾಹ್ನಗಳನ್ನು ನೆನೆದರೆ ಈಗಲೂ ಬೇಸರ ಬರುತ್ತದೆ. ಅಮ್ಮ ಹೋಗಿ ಹೆಚ್ಚು ಕಾಲವಾಗಿರಲಿಲ್ಲ. ಅವಳಿದ್ದಾಗ, ನಾನು ಯಾವ ಊರಲ್ಲೇ ಇರಲಿ, ದಿನದ ಕೆಲಸ ಮುಗಿದ ಕೂಡಲೇ ಫೋನ್ ಮಾಡಿ "ಇಳಿದೆ" ಅನ್ನುತ್ತಿದ್ದೆ. "ಹ್ಞೂಂ, ಉಂಡ್ಯಾ?" ಅನ್ನುತ್ತಿದ್ದಳು. ಅಷ್ಟೇ ಮಾತು. ಮದುವೆ ಆಗಿತ್ತು, ಉಳಿಯಲಿಲ್ಲ. ಆ ಕಥೆ ಇಲ್ಲಿ ಬೇಡ. ಅಮ್ಮನ ನಂತರ ನಾನು ಇಳಿದೆನೋ ಇಲ್ಲವೋ ಅಂತ ಕೇಳುವವರು ಯಾರೂ ಇರಲಿಲ್ಲ. ಇಳಿದ ಮೇಲೂ ಸುಮ್ಮನೆ ಫೋನ್ ಹಿಡಿದುಕೊಂಡು ನಿಲ್ಲುವ ಅಭ್ಯಾಸ ಮಾತ್ರ ಹೋಗಿರಲಿಲ್ಲ.

ಗುಡ್ಡದ ಮೇಲಿದ್ದವರಲ್ಲಿ ನನಗೆ ಪರಿಚಯವಿದ್ದದ್ದು ಒಂದು ದನಿ. ಕಬ್ಬಿಣ ಕಟ್ಟುವ ಮೇಸ್ತ್ರಿ, ಸುರಪುರದ ಮುಸಲ್ಮಾನರು. ಮನೆಯಲ್ಲಿ ಉರ್ದು, ಗುಡ್ಡದ ಮೇಲೆ ಕನ್ನಡ, ಸಿಟ್ಟು ಬಂದರೆ ಎರಡೂ. ಕೈಯಲ್ಲಿ ವಾಕಿಟಾಕಿ ಹಿಡಿದು ನನ್ನ ಬಲೆ ಇಳಿಸಿಕೊಳ್ಳುತ್ತಿದ್ದವರು ಅವರೇ. ಬೆಳಿಗ್ಗೆ ಮುಳ್ಳು ನೋಡಿ ಮುಗಿಸುವಷ್ಟರಲ್ಲಿ ಅವರ ಪ್ರಶ್ನೆ ಕಿವಿಗೆ ಬೀಳುತ್ತಿತ್ತು.

"ಸಾಹೇಬ್ರ, ಇವತ್ತ ಗುಂಜಾಯಿಶ್ ಎಷ್ಟು ಚೀಲ?"

ಗುಂಜಾಯಿಶ್ ಅಂದರೆ ಇನ್ನೂ ಹಿಡಿಸುವಷ್ಟು ಜಾಗ, ಆ ಕಡೆಯ ಮಾತು. ಬಸ್ಸಿನಲ್ಲಿ ಇನ್ನೊಬ್ಬ ಕೂರುವುದಕ್ಕೂ ಅದೇ, ಸಾಲದಲ್ಲಿ ಇನ್ನೊಂದು ವಾರ ಸಿಗುವುದಕ್ಕೂ ಅದೇ. ಇಂಜಿನ್ನಿನ ಕೈಯಲ್ಲಿ ಉಳಿದಿರುವ ಶಕ್ತಿಗೆ ನಮ್ಮ ಪುಸ್ತಕಗಳಲ್ಲಿ ಏನೇನೋ ಹೆಸರಿದೆ. ಇಷ್ಟು ಸರಿಯಾದ ಮಾತು ನಾನು ಕೇಳಿರಲಿಲ್ಲ. ನಾನು ಕೋಷ್ಟಕ ನೋಡಿ ಲೆಕ್ಕವನ್ನು ಕಿಲೋದಲ್ಲಿ ಹೇಳಿದರೆ ಅವರು ಅದನ್ನು ಸಿಮೆಂಟಿನ ಚೀಲಕ್ಕೆ ಇಳಿಸಿಕೊಳ್ಳುತ್ತಿದ್ದರು. ಕೊನೆಗೆ ನಾನೂ ಚೀಲದಲ್ಲೇ ಹೇಳತೊಡಗಿದೆ. ಇವತ್ತು ಏಳು ಚೀಲ. ಬಿಸಿಲು ಬಂತು, ಇನ್ನು ಐದು. ಸಾಕು, ಮೂರಕ್ಕೆ ಬಂತು, ನಾಳೆ ನೋಡೋಣ.

ಎರಡನೆಯ ಪರಿಚಯ ಒಂದು ಗಂಟು. ಖಾಲಿ ಬಲೆಯನ್ನು ಹಾಗೇ ತೂಗಿಕೊಂಡು ಹಾರಿದರೆ ಅದು ಗಾಳಿಗೆ ಎದ್ದು ಬಾಲದ ರೆಕ್ಕೆಗೆ ಸಿಕ್ಕಿಬಿಡುತ್ತದೆ, ಕಥೆ ಅಲ್ಲಿಗೆ ಮುಗಿಯಿತು. ಅದಕ್ಕೆ ಹಿಂದಿರುಗುವಾಗ ಬಲೆಯಲ್ಲಿ ಒಂದಿಷ್ಟು ಕಲ್ಲು ಹಾಕಿ ಕಳಿಸಿ ಅಂತ ಮೊದಲ ದಿನವೇ ಹೇಳಿದ್ದೆ. ಕೆಲವು ದಿನಗಳ ಮೇಲೆ ಇಂಜಿನಿಯರ್ ಬಲೆ ಬಿಚ್ಚುವಾಗ ಕಲ್ಲುಗಳ ಜೊತೆ ಬಟ್ಟೆಯ ಗಂಟೊಂದು ಸಿಕ್ಕಿತು. ಬಿಚ್ಚಿದರೆ ಜೋಳದ ರೊಟ್ಟಿ, ಶೇಂಗಾ ಹಿಂಡಿ ಅನ್ನುವ ಚಟ್ನಿಪುಡಿ, ಒಂದು ಉಳ್ಳಾಗಡ್ಡಿ. ವಾಕಿಟಾಕಿಯಲ್ಲಿ ರೇಗಿದೆ. ಹೀಗೆಲ್ಲ ಹೇಳದೆ ಕೇಳದೆ ಬಲೆಗೆ ಹಾಕಬಾರದು ಅಂದೆ.

"ನಾ ಹಾಕಿಲ್ರಿ," ಅಂದರು ಮೇಸ್ತ್ರಿ. "ನಮ್ಮ ರೊಟ್ಟಿ ಅಕ್ಕ ಹಾಕ್ಯಾಳ. ಮ್ಯಾಲ ಹಾರಾಡೋ ಮನಷ್ಯಾಗ ಹೊಟ್ಟಿ ಇರಂಗಿಲ್ಲೇನು ಅಂತ ಕೇಳಾಕತ್ತಾಳ. ನೀವ ಬೈರಿ ಆಕೀಗೆ, ನನ್ನ ಕೈಲೆ ಆಗಂಗಿಲ್ಲ."

ರೊಟ್ಟಿ ಅಕ್ಕ ಅಲ್ಲೇ ಹತ್ತಿರದ ಸಗರ ಅನ್ನುವ ಊರಿನವಳು. ಮೇಲೆ ತಗಡಿನ ಚಪ್ಪರದಡಿ ಮೂರು ಕಲ್ಲಿನ ಒಲೆ ಹೂಡಿ ಎಲ್ಲರಿಗೂ ಅಡುಗೆ ಮಾಡುತ್ತಿದ್ದಳು. ಅವಳ ಮಗಳೂ ಅಲ್ಲೇ ಗಾರೆ ಹೊರುವ ಕೆಲಸಕ್ಕಿದ್ದಳು. ಮೇಲಿನಿಂದ ನನಗೆ ಕಾಣುತ್ತಿದ್ದದ್ದು ಬರೀ ತಗಡಿನ ಹೊಳಪು ಮತ್ತು ಹೊಗೆ. ಆ ಮೇಲೆ ದಿನಾ ಗಂಟು ಬರತೊಡಗಿತು, ನಾನು ಬೈಯುವುದನ್ನು ಬಿಟ್ಟೆ. ಗಾಳಿಯ ದಿಕ್ಕು ತಿಳಿಯಲು ಒಂದು ಕಂಬಕ್ಕೆ ಬಟ್ಟೆ ಕಟ್ಟಿ ಅಂದಾಗ ತನ್ನ ಕೆಂಪು ಸೀರೆಯ ತುಂಡು ಹರಿದುಕೊಟ್ಟವಳೂ ಅವಳೇ. ಅವಳ ಮುಖ ನೋಡಿರಲಿಲ್ಲ. ಆದರೂ ಲಾಡ್ಜಿನ ಕೋಣೆಯಲ್ಲಿ ಕೂತು ಆ ರೊಟ್ಟಿ ಮುರಿಯುವಾಗ, ಇವತ್ತು ನಾನು ಉಣ್ಣಲಿ ಅಂತ ಒಬ್ಬರು ಅಂದುಕೊಂಡಿದ್ದಾರೆ ಅನ್ನಿಸುತ್ತಿತ್ತು. ಇಷ್ಟಕ್ಕೆಲ್ಲ ಕಣ್ಣು ಒದ್ದೆಯಾಗುವ ಸ್ಥಿತಿಗೆ ಬಂದಿದ್ದೆ ನೋಡಿ.

ಆ ದಿನ ಎಂದಿಗಿಂತ ಬೇಗ ಕೆಲಸ ನಿಲ್ಲಿಸಿದ್ದೆವು. ಹೊಲದಲ್ಲಿ ಎಲೆ ಅಲುಗುತ್ತಿರಲಿಲ್ಲ. ಟ್ಯಾಂಕರಿನವನು ಊಟಕ್ಕೆ ಮನೆಗೆ ಹೋಗಿದ್ದ. ನಾವೂ ಹೊರಡಬೇಕು ಅನ್ನುವಾಗ ವಾಕಿಟಾಕಿ ಕೂಗಿತು.

"ಸಾಹೇಬ್ರ, ರೊಟ್ಟಿ ಅಕ್ಕಗ ಬಿಸಿಲ ಬಡದದ್ರಿ. ಒಲಿ ಮುಂದ ಕುಂತಾಕಿ ಹಂಗ ವಾಲಿದ್ಳು. ಮೈ ಹೆಂಚಿನಂಗ ಕಾದದ, ಬೆವರ ಇಲ್ಲ. ಕರದ್ರ ಓ ಅನ್ನವಲ್ಲಳು."

ಶಹಾಪುರದ ಆಸ್ಪತ್ರೆಗೆ ಫೋನ್ ಮಾಡಿದೆ. ವೈದ್ಯರು ಎಲ್ಲ ಕೇಳಿಕೊಂಡು, ಬೆವರು ನಿಂತು ಪ್ರಜ್ಞೆ ತಪ್ಪಿದ್ದರೆ ಕಾಯುವ ಹಾಗಿಲ್ಲ, ಮೈಮೇಲೆ ನೀರು ಸುರಿಯುತ್ತ ಇರಿ, ಎಷ್ಟು ಬೇಗ ಸಾಧ್ಯವೋ ತನ್ನಿ ಅಂದರು. ಮೇಲೆ ಉಳಿದಿದ್ದದ್ದು ಎರಡು ಕ್ಯಾನು ನೀರು.

"ಹೊತ್ತುಕೊಂಡು ಇಳೀಬೇಕಂದ್ರ ಸಂಜಿ ಆಗ್ತದ್ರಿ," ಅಂದರು ಮೇಸ್ತ್ರಿ. "ಅಲ್ಲೀತನ ಆಕಿ ತಾಳಂಗಿಲ್ಲ. ಗುಂಜಾಯಿಶ್ ಅದ ಏನ್ರಿ?"

ಆ ಗುಡ್ಡದ ಮೇಲೆ ಇಳಿಯುವ ಜಾಗವಿಲ್ಲ. ಗುಡ್ಡದ ಆಚೆ ದೂರದಲ್ಲಿ ಹೊಳೆ ಹರಿಯುತ್ತದೆ, ಆ ಕಡೆಯ ಅಂಚಿನಲ್ಲಿ ಒಂದು ಇಳಿಜಾರು ಬಂಡೆಯಿದೆ. ತುರ್ತಿದ್ದರೆ ಇಲ್ಲಿ ಮುಂಗಾಲು ಊರಬಹುದು ಅಂತ ಮೊದಲ ದಿನ ಗುರುತು ಮಾಡಿಟ್ಟಿದ್ದೆವು. ಊರುವುದು ಅಂದರೆ ಹೆಲಿಕಾಪ್ಟರಿಗೆ ಕಾಲಿನ ಹಾಗಿರುವ ಕೆಳಗಿನ ಎರಡು ಕೊಳವೆಗಳ ಮುಂದಿನ ತುದಿ ಮಾತ್ರ ಕಲ್ಲಿಗೆ ತಾಗಿರಬೇಕು. ಭಾರವೆಲ್ಲ ಇಂಜಿನ್ನೇ ಹೊರಬೇಕು, ಒಳಗೆ ಆಳನ್ನು ಮಲಗಿಸಿ ಕಟ್ಟುವವರೆಗೂ ಹಾಗೇ ನಿಂತಿರಬೇಕು. ಸಮನೆಲದ ಹತ್ತಿರ ನಿಂತರೆ ರೆಕ್ಕೆ ಕೆಳಗೆ ತಳ್ಳಿದ ಗಾಳಿ ನೆಲಕ್ಕೆ ಬಡಿದು ಮೆತ್ತೆಯ ಹಾಗೆ ಆತುಕೊಳ್ಳುತ್ತದೆ. ಗುಡ್ಡದ ಅಂಚಿನಲ್ಲಿ ಆ ಮೆತ್ತೆಯ ಅರ್ಧ ಪ್ರಪಾತಕ್ಕೆ ಸೋರಿಹೋಗುತ್ತದೆ. ಇಂಥಲ್ಲಿ ಶಕ್ತಿ ಮುಗಿದರೆ ಮೇಲೇಳಲಾರದೆ ಬಂಡೆಯ ಮೇಲೆ ಕುಸಿಯುತ್ತೇವೆ, ಅಲ್ಲಿ ನಿಂತವರನ್ನೂ ರೆಕ್ಕೆ ಕೊಚ್ಚುತ್ತದೆ.

ಇಂಜಿನಿಯರಿಗೆ ನಾನು ಏನೂ ಹೇಳಬೇಕಾಗಲಿಲ್ಲ. ಅವರಾಗಲೇ ಬಾಗಿಲು ಕಳಚುತ್ತಿದ್ದರು. ನಾಲ್ಕೂ ಬಾಗಿಲು ಹೋದವು, ಹಿಂದಿನ ಸೀಟು, ಎಡಗಡೆಯ ಸೀಟು, ಕೊಕ್ಕೆ, ಹಗ್ಗ, ಸಲಕರಣೆಯ ಪೆಟ್ಟಿಗೆ, ಕುಡಿಯುವ ನೀರಿನ ಕ್ಯಾನು, ಎಲ್ಲ ಹೊಲದಲ್ಲಿ ಬಿತ್ತು. ಗುಡ್ಡಕ್ಕೆ ಹೋಗಿ, ಒಮ್ಮೆ ತಪ್ಪಿದರೆ ಇನ್ನೊಮ್ಮೆ ಯತ್ನಿಸಿ, ಶಹಾಪುರ ಮುಟ್ಟುವಷ್ಟು ಇಂಧನ ಬಿಟ್ಟು ಉಳಿದದ್ದನ್ನು ಇಳಿಸಿದೆವು. ಕೊನೆಗೆ ಅವರು ತಮ್ಮ ಎದೆ ಮುಟ್ಟಿ ತೋರಿಸಿ ತಲೆಯಾಡಿಸಿದರು. ಅವರ ತೂಕವೂ ಬೇಡ ಅಂತ. ನಾನು ಶೂ ಬಿಚ್ಚಿದೆ. ಹಗುರಾಗುವುದು ಅಂದರೆ ಜೊತೆಗಿದ್ದ ಒಂದೊಂದನ್ನೇ ಕೆಳಗೆ ಬಿಡುವುದು. ಕೊನೆಗೆ ನಾನೊಬ್ಬನೇ ಉಳಿದೆ.

ಕೋಷ್ಟಕದ ಮೇಲೆ ಬೆರಳಿಟ್ಟು ಲೆಕ್ಕ ಹಾಕಿದೆ. ಇಷ್ಟು ಎತ್ತರ, ಇಷ್ಟು ಕಾವು, ಇಷ್ಟು ತೂಕ. ಗಾಳಿ ನಿಂತಿದ್ದರೆ ಗುಂಜಾಯಿಶ್ ಸೊನ್ನೆ. ಎದುರುಗಾಳಿ ಇದ್ದರೆ ಬೇರೆ ಮಾತು. ಆಗ ನಿಂತಲ್ಲೇ ಓಡಿದ ಹಾಗೆ, ರೆಕ್ಕೆಗೆ ಹಿಡಿತ ಸಿಕ್ಕಿ ಇಂಜಿನ್ನಿನ ಭಾರ ಇಳಿಯುತ್ತದೆ. ಒಳ್ಳೆಯ ಗಾಳಿ ಇದ್ದರೆ ಒಂದು ಚೀಲ. ಮತ್ತೆ ಹಾಕಿದೆ. ಒಂದೇ ಚೀಲ. ಮೇಸ್ತ್ರಿಗೆ ಇದನ್ನೇ ಬಿಡಿಸಿ ಹೇಳಿದೆ. ಗಾಳಿ ಇದ್ದರೆ ಬರಬಲ್ಲೆ, ಇಲ್ಲದಿದ್ದರೆ ಆಗದು.

"ಆಕಿ ಒಂದು ಚೀಲಕ್ಕಿಂತ ಕಮ್ಮಿನೇ ಅದಾಳ್ರಿ," ಅಂದರು. "ಗಾಳಿ ಈಗಷ್ಟ ಸುಳದಾಡಾಕತ್ತದ. ತಡೀರಿ, ಮಗಳು ಮಾತಾಡ್ತಾಳಂತ."

ಒಂದು ಹೊಸ ದನಿ ಕೇಳಿತು. "ಸಾಹೇಬ್ರ, ನಾನೂ ಬರ್ತೀನ್ರಿ ಅವ್ವನ ಕೂಡ."

"ಆಗಲ್ಲಮ್ಮ. ಒಂದೇ ಚೀಲಕ್ಕೆ ಜಾಗ ಇರೋದು."

"ನಾ ಚೀಲ ಅಲ್ರಿ. ಆಕಿ ಮಗಳದೀನಿ."

ದಿನಾ ಚೀಲ, ಚೀಲ ಅಂತ ಹೇಳಿ ಹೇಳಿ ಬಾಯಿಗೆ ಬಂದುಬಿಟ್ಟಿತ್ತು. ತಪ್ಪಾಯ್ತು ಅಂದೆ. ಆದರೂ ಆಗುವುದಿಲ್ಲ, ನೀನು ಬಂದರೆ ಇಬ್ಬರೂ ಉಳಿಯುವುದಿಲ್ಲ ಅಂದೆ.

"ಅವ್ವನ ಕಾಲಾಗಿನ ಬೆಳ್ಳಿ ಕಡಗ ಬಿಚ್ಚೀನ್ರಿ, ಹಗುರಾಗ್ಲಿ ಅಂತ. ಒಂದ ಮಾತು ನಡಸ್ರಿ. ದಾರಿ ತುಂಬ ಆಕಿ ಕೂಡ ಮಾತಾಡಕೋಂತ ಹೋಗ್ರಿ. ಒಬ್ಬಾಕಿನ ಅದೀನಿ ಅಂತ ಆಕಿಗ ಅನಸಬಾರದು."

ಆಗಲಿ ಅಂದೆ. ಇಂಜಿನ್ ಚಾಲೂ ಮಾಡಿದೆ. ಎಲ್ಲ ಸಿದ್ಧವಾದ ಮೇಲೆ ಕೊನೆಯದಾಗಿ ಕೇಳಿದೆ. "ಮೇಸ್ತ್ರಿ, ಈಗ ಗಾಳಿ ಹೇಗಿದೆ?"

ಮೇಸ್ತ್ರಿ ಕೂಗಿದರು. "ಬಿಟ್ಟದ್ರಿ ಸಾಹೇಬ್ರ! ಗಾಳಿ ಬಿಟ್ಟದ!"

ನಾನು ತುಮಕೂರು ಕಡೆಯವನು. ನಮ್ಮಲ್ಲಿ ಮಳೆ ಬಿಟ್ಟಿತು ಅಂದರೆ ನಿಂತಿತು. ಜ್ವರ ಬಿಟ್ಟಿತು ಅಂದರೆ ಹೋಯಿತು. ಅಷ್ಟು ದಿನ ನಮ್ಮ ಕೆಲಸವೆಲ್ಲ ಬೆಳಗಿನ ಹೊತ್ತು ನಡೆದಿತ್ತು, ಆಗ ಗಾಳಿಯೇ ಇರುತ್ತಿರಲಿಲ್ಲ. ಹಾಗಾಗಿ ಈ ಮಾತು ನಮ್ಮ ನಡುವೆ ಬಂದೇ ಇರಲಿಲ್ಲ. ಹೊರಗೆ ನೋಡಿದರೆ ಹೊಲದ ಅಂಚಿನ ಜಾಲಿಯಲ್ಲೂ ಒಂದು ಎಲೆ ಅಲ್ಲಾಡುತ್ತಿಲ್ಲ. ಸುಳಿದಾಡುತ್ತಿದ್ದದ್ದೂ ನಿಂತುಹೋಯಿತು ಅಂದುಕೊಂಡೆ.

"ಹಾಗಾದರೆ ಆಗಲ್ಲ ಮೇಸ್ತ್ರಿ. ಸಂಜೆ ತಂಪಾಗೋವರೆಗೆ ಕಾಯಬೇಕು. ನೀವು ಹೊತ್ತುಕೊಂಡು ಇಳಿಯೋಕೆ ಶುರು ಮಾಡಿ."

ಇಂಜಿನ್ ನಿಲ್ಲಿಸಲು ಕೈ ಹಾಕಿದೆ, ಆಗಲಿಲ್ಲ, ಹಾಗೇ ಕೂತೆ. ಇಂಜಿನಿಯರ್ ದೂರದಲ್ಲಿ, ಕಳಚಿಟ್ಟ ಬಾಗಿಲುಗಳ ಪಕ್ಕ ನಿಂತು ನನ್ನನ್ನೇ ನೋಡುತ್ತಿದ್ದರು. ಯಾರನ್ನಾದರೂ ಕೇಳೋಣ ಅಂದರೆ ಕೇಳುವ ಪ್ರಶ್ನೆಯೇ ಉಳಿದಿರಲಿಲ್ಲ. ಲೆಕ್ಕ ಸರಿಯಿತ್ತು. ಲೆಕ್ಕ ಸರಿಯಿದ್ದಾಗ ಒಬ್ಬ ಹೆಂಗಸು ಬಂಡೆಯ ಮೇಲೆ ಬೇಯುತ್ತ ಬಿದ್ದಿರಬೇಕು ಅಂತ ನಾನೇ ಹೇಳಿಬಿಟ್ಟಿದ್ದೆ. ಅಷ್ಟು ಒಂಟಿತನ ನನಗೆ ಲಾಡ್ಜಿನಲ್ಲೂ ಆಗಿರಲಿಲ್ಲ.

ಮಗಳ ದನಿ ಬಂತು, ಈ ಸಲ ಸಿಟ್ಟಿನಲ್ಲಿ. "ನೀವ ಹೇಳಿದ್ರಿ ಗಾಳಿ ಬೇಕಂತ. ಗಾಳಿ ಬಿಟ್ಟದ. ಮತ್ತ ಬರಂಗಿಲ್ಲ ಅಂತೀರಿ. ಇನ್ನೇನ್ ಬೇಕ್ರಿ ನಿಮಗ?"

"ಬಿಟ್ಟಿದೆಯಲ್ಲಮ್ಮ, ಅದಕ್ಕೇ ಆಗಲ್ಲ ಅಂದದ್ದು."

"ಏನ್ ಮಾತಾಡ್ತೀರ್ರಿ! ನನ್ನ ಸೆರಗ ತಲಿ ಮ್ಯಾಲ ನಿಲ್ಲವಲ್ದು. ಅವ್ವನ ಸೀರಿ ತುಂಡು ಕಂಬ ಕಿತ್ತುಕೊಂಡು ಹೋಗೋಹಂಗ ಬಡಕೊಳ್ಳಾಕತ್ತದ. ಇನ್ನೂ ಎಷ್ಟು ಬಿಡಬೇಕ್ರಿ?"

"ಬೀಸ್ತಾ ಇದೆಯಾ? ಗಾಳಿ ಬೀಸ್ತಾ ಇದೆಯಾ?"

ವಾಕಿಟಾಕಿ ಮೇಸ್ತ್ರಿಯ ಕೈಗೆ ಹೋಗಿತ್ತು. "ಯಾ ಅಲ್ಲಾ! ಅದನ್ನ ಅಲ್ಲೇನ್ರಿ ಹೇಳಾಕತ್ತಿದ್ದು! ಹೊಳಿ ಕಡಿಂದ ಬಿಟ್ಟದ. ಮಳಿ ಬಿಟ್ರ ನಿಂತಂಗ, ಗಾಳಿ ಬಿಟ್ರ ಬಂದಂಗ. ಇದರಾಗ ತಿಳೀಲಾರದ್ದು ಏನದ?"

ಏನೂ ಇರಲಿಲ್ಲ. ಹೊಳೆಯ ಕಡೆಯಿಂದ ಅಂದರೆ ಆ ಬಂಡೆಗೆ ನೇರ ಎದುರು. ಗುಡ್ಡದ ಕಡಿದಾದ ಮೈಗೆ ಬಡಿದು ಮೇಲಕ್ಕೇಳುವ ಗಾಳಿ. ಇಂಜಿನಿಯರಿಗೆ ಹೆಬ್ಬೆರಳು ತೋರಿಸಿ ಎತ್ತಿದೆ.

ಬಾಗಿಲಿಲ್ಲದ ಯಂತ್ರದೊಳಗೆ ಬಿಸಿಗಾಳಿ ಮುಖಕ್ಕೆ ಹೊಡೆಯುತ್ತಿತ್ತು. ಗುಡ್ಡದ ಎತ್ತರಕ್ಕೆ ಬಂದ ಮೇಲೆ ಕೆಂಪು ಬಟ್ಟೆ ಕಾಣಿಸಿತು. ಇಸ್ತ್ರಿ ಮಾಡಿದ ಹಾಗೆ ನೆಟ್ಟಗೆ ನಿಂತಿತ್ತು. ಸುತ್ತು ಹಾಕಿ, ಗಾಳಿಗೆ ಎದುರಾಗಿ, ನೆತ್ತಿಯ ಮೇಲಿನಿಂದ ಅಂಚಿನ ಬಂಡೆಯ ಕಡೆ ಇಳಿಯತೊಡಗಿದೆ. ಬಲಗಡೆಗೆ ಪ್ರಪಾತ ತೆರೆದಿರುವ ಹಾಗೆ ನೋಡಿಕೊಂಡಿದ್ದೆ. ಮುಳ್ಳು ಗೆರೆ ದಾಟಿದರೆ ಯೋಚಿಸದೆ ಬಲಕ್ಕೆ ಬೀಳುವುದು, ಬೀಳುತ್ತ ವೇಗ ಗಳಿಸುವುದು ಅಂತ ಮೊದಲೇ ನನಗೆ ನಾನೇ ಗಟ್ಟಿಯಾಗಿ ಹೇಳಿಕೊಂಡೆ. ಅಲ್ಲಿ ಹೋಗಿ ನಿರ್ಧರಿಸುತ್ತೇನೆ ಅನ್ನುವವನು ಅಲ್ಲೇ ಉಳಿಯುತ್ತಾನೆ.

ಮೊದಲ ಸಲ ಆಗಲಿಲ್ಲ. ದೊಡ್ಡ ಬಂಡೆಗಳ ಹಿಂದೆ ಗಾಳಿ ಮುರಿದು ಕೆಳಮುಖವಾಗಿತ್ತು. ಇದ್ದಕ್ಕಿದ್ದ ಹಾಗೆ ಯಂತ್ರ ಕುಸಿಯಿತು. ಮೇಲೇರಿಸುವ ಎಡಗೈಯ ಸನ್ನೆಕೋಲು ಎಳೆದರೆ ಕಾವಿನ ಮುಳ್ಳು ಗೆರೆಗೆ ಹೋಗಿ ಮುಟ್ಟಿತು. ಬಂಡೆಯ ಮೇಲೆ ಕೂತವರ ಮುಖಗಳು ಕಾಣುವಷ್ಟು ಹತ್ತಿರವಿದ್ದೆ. ಬಲಕ್ಕೆ ಬಿದ್ದೆ. ಕೆಳಗೆ ಕಣಿವೆ ತಿರುಗಿತು, ವೇಗ ಬಂತು, ಮುಳ್ಳು ಇಳಿಯಿತು. ಬಂಡೆಯ ಮೇಲಿದ್ದವರು ನಾನು ಹೋಗಿಬಿಟ್ಟೆ ಅಂದುಕೊಂಡರೇನೋ.

ಇನ್ನೊಂದು ಯತ್ನಕ್ಕಷ್ಟೇ ಇಂಧನವಿತ್ತು. ಈ ಸಲ ನೆತ್ತಿಯ ಮೇಲಿನಿಂದ ಬರಲಿಲ್ಲ. ಗುಡ್ಡದ ಹೊರಮೈಯನ್ನು ಎಡಕ್ಕಿಟ್ಟುಕೊಂಡು, ಅಂಚಿನ ಮಟ್ಟದಲ್ಲೇ, ಮೇಲೇಳುವ ಗಾಳಿಯೊಳಗೆ ನಿಧಾನಕ್ಕೆ ತೆವಳಿಕೊಂಡು ಬಂದೆ. ಕೆಳಗಿನಿಂದ ಯಾರೋ ಅಂಗೈ ಕೊಟ್ಟ ಹಾಗೆ ಯಂತ್ರ ಹಗುರಾಯಿತು. ಬಂಡೆಯ ಪಕ್ಕ ಬಂದು ಮೂತಿಯನ್ನು ಗಾಳಿಗೆ ಇಟ್ಟೆ. ಮುಳ್ಳು ಗೆರೆಯ ಕೆಳಗೆ ನಡುಗುತ್ತ ನಿಂತಿತು. ಕೊಳವೆಗಳ ತುದಿ ಕಲ್ಲಿಗೆ ತಾಗಿದ ಸಣ್ಣ ಸದ್ದು ಪಾದಕ್ಕೆ ತಿಳಿಯಿತು, ಶೂ ಇರಲಿಲ್ಲವಲ್ಲ.

ಮೇಸ್ತ್ರಿ ಮತ್ತು ಇನ್ನೊಬ್ಬರು ತಲೆ ತಗ್ಗಿಸಿಕೊಂಡು ಅವಳನ್ನು ತಂದರು. ಯಂತ್ರದೊಳಗೆ ಎಡಗಡೆ ನೆಲದ ಮೇಲೆ, ತಲೆ ನನ್ನ ಪಕ್ಕಕ್ಕೆ ಬರುವ ಹಾಗೆ ಮಲಗಿಸಿ, ಸಿಮೆಂಟು ಕಟ್ಟುವ ಪಟ್ಟಿಗಳಿಂದಲೇ ಬಿಗಿದರು. ಅವಳ ಭಾರ ಬಿದ್ದ ಕೂಡಲೇ ಮುಳ್ಳು ಮೇಲೆ ಹೋಗಿ ಗೆರೆಯ ಅಂಚಿನಲ್ಲಿ ನಿಂತಿತು. ನಾನು ಉಸಿರು ಬಿಗಿಹಿಡಿದೆ, ಅದರಿಂದ ಏನು ಉಪಯೋಗವೋ. ಮುಖದ ಮೇಲೆ ಒದ್ದೆ ಟವೆಲ್ ಇತ್ತು. ಮಗಳು ಬಂಡೆಗೆ ಆತು ಕೂತಿದ್ದಳು, ಎರಡೂ ಕೈಯಲ್ಲಿ ಬೆಳ್ಳಿಯ ಕಡಗ. ಒಂದು ಹೆಜ್ಜೆ ಮುಂದೆ ಬಂದಳು. ನಾನು ತಲೆಯಾಡಿಸಿದೆ. ಅವಳು ನಿಂತು, ತನ್ನ ಬಾಯಿಯ ಮುಂದೆ ಬೆರಳು ಆಡಿಸಿ ತೋರಿಸಿದಳು. ಮಾತಾಡ್ರಿ ಅಂತ.

ಮೇಸ್ತ್ರಿ ಕೈ ಎತ್ತಿದರು. ನಾನು ಮೇಲಕ್ಕೆ ಎಳೆಯಲಿಲ್ಲ, ಎಳೆಯುವುದಕ್ಕೆ ಕೈಯಲ್ಲಿ ಏನೂ ಇರಲಿಲ್ಲ. ಬಂಡೆಯಿಂದ ಜಾರಿದ ಹಾಗೆ ಬಲಕ್ಕೆ ಸರಿದು ಪ್ರಪಾತಕ್ಕೆ ಬಿಟ್ಟುಕೊಂಡೆ. ಗಾಳಿ ಹಿಡಿಯಿತು. ಶಹಾಪುರದ ಕಡೆ ತಿರುಗಿಸಿದೆ.

ಆಮೇಲೆ ಮಾತಾಡಬೇಕಿತ್ತು. ಅಕ್ಕ ಅಂದೆ. ಇಂಜಿನ್ನಿನ ಗದ್ದಲ, ಬಾಗಿಲಿಲ್ಲದ ಗಾಳಿಯ ಗದ್ದಲ. ಇನ್ನೂ ಜೋರಾಗಿ, ಅಕ್ಕಾ, ಹೋಗ್ತಾ ಇದೀವಿ, ಗುಡ್ಡ ಬಿಟ್ವಿ ಅಂತ ಕೂಗಿದೆ. ಮುಂದೆ ಏನು ಹೇಳುವುದು? ಎಷ್ಟೋ ತಿಂಗಳಿಂದ ನಾನು ಯಾರ ಜೊತೆಗೂ ಕೆಲಸಕ್ಕಿಲ್ಲದ ಮಾತು ಆಡಿರಲಿಲ್ಲ. ನಿಮ್ಮ ರೊಟ್ಟಿ ಚೆನ್ನಾಗಿತ್ತು ಅಂದೆ. ಹಿಂಡಿಗೆ ಖಾರ ಜಾಸ್ತಿ ಅಂದೆ. ಬೈದದ್ದಕ್ಕೆ ಬೇಜಾರು ಮಾಡ್ಕೋಬೇಡಿ ಅಂದೆ. ಆಮೇಲೆ ಬಾಯಿ ತಾನಾಗಿ ಬಿಚ್ಚಿಕೊಂಡಿತು. ಅಮ್ಮ ಹೋದದ್ದು ಹೇಳಿದೆ. ಹೋದ ದಿನ ನಾನು ಬೇರೊಂದು ಗುಡ್ಡದ ಮೇಲಿದ್ದೆ, ಇಳಿದು ಫೋನ್ ಮಾಡಿದರೆ ಪಕ್ಕದ ಮನೆಯವರು ಎತ್ತಿದರು ಅಂತ ಹೇಳಿದೆ. ಸಂಜೆ ಆದರೆ ಭಯ ಆಗುತ್ತೆ ಅಕ್ಕ ಅಂದೆ. ಲಾಡ್ಜಿನ ಗೋಡೆ ನೋಡ್ತಾ ಕೂತಿರ್ತೀನಿ, ನಿಮ್ಮ ಗಂಟು ಬಂದ ದಿನ ಮಾತ್ರ ಮನುಷ್ಯ ಆಗ್ತೀನಿ ಅಂದೆ. ಸಾಯಬೇಡಿ ಅಂದೆ. ಇದನ್ನು ಎಷ್ಟು ಸಲ ಅಂದೆನೋ. ಎರಡೂ ಕೈ ಕೆಲಸದಲ್ಲಿದ್ದವು, ಟವೆಲ್ ಸರಿಸಿ ನೋಡಲೂ ಆಗುತ್ತಿರಲಿಲ್ಲ. ಕಣ್ಣಿಂದ ನೀರು ಇಳಿದರೆ ಬಿಸಿಗಾಳಿ ಅಲ್ಲೇ ಒಣಗಿಸುತ್ತಿತ್ತು.

ಶಹಾಪುರದ ಕಾಲೇಜಿನ ಮೈದಾನದಲ್ಲಿ ವೈದ್ಯರು ಕಳಿಸಿದ್ದ ಆಂಬುಲೆನ್ಸ್ ಕಾಯುತ್ತಿತ್ತು. ಅಗಲವಾದ ಬಯಲು, ಗಾಳಿಯಲ್ಲಿ ನಿಲ್ಲಿಸದೆ ಓಡಿಸಿಕೊಂಡೇ ಬಂದು ಊರಿದೆ. "ಇಳಿದ್ವಿ ಅಕ್ಕ," ಅಂದೆ. ಸ್ಟ್ರೆಚರಿನವರು ಪಟ್ಟಿ ಕತ್ತರಿಸಿ ಅವಳನ್ನು ಎತ್ತಿಕೊಂಡು ಹೋದರು. ಇಂಜಿನ್ ನಿಲ್ಲಿಸಿದ ಮೇಲೆ ಬರಿಗಾಲಲ್ಲಿ ಸುಡುವ ಮೈದಾನದಲ್ಲಿ ನಿಲ್ಲಲಾರದೆ ಮತ್ತೆ ಒಳಗೇ ಹತ್ತಿ ಕೂತೆ. ಪಕ್ಕದಲ್ಲಿ ಅವಳು ಮಲಗಿದ್ದ ಜಾಗ ಒದ್ದೆಯಾಗಿತ್ತು, ನೋಡುನೋಡುತ್ತ ಆರಿಹೋಯಿತು. ಫೋನ್ ಕೈಯಲ್ಲಿತ್ತು. ಯಾರಿಗೆ ಮಾಡಲಿ?

ಎರಡು ದಿನ ಕೆಲಸ ನಿಂತಿತ್ತು. ಇಂಜಿನಿಯರ್ ಇಂಜಿನ್ನನ್ನು ಪೂರ್ತಿ ಬಿಚ್ಚಿ ನೋಡಿ, ಏನೂ ಆಗಿಲ್ಲ ಅಂತ ಹೆಬ್ಬೆರಳು ತೋರಿಸಿದರು. ಮೂರನೆಯ ದಿನ ಬಸ್ಸು ಹಿಡಿದು ಶಹಾಪುರಕ್ಕೆ ಹೋದೆ. ಬದುಕಿದ್ದಾಳೆ ಅಂತ ಮೇಸ್ತ್ರಿ ಹೇಳಿದ್ದರು. ಆದರೂ ವಾರ್ಡಿನ ಬಾಗಿಲಲ್ಲೇ ನಿಂತೆ. ಮಗಳು ಎದ್ದು ಬಂದಳು.

"ಬರ್ರಿ ಸಾಹೇಬ್ರ. ನಿನ್ನಿ ರಾತ್ರಿ ಜ್ವರ ಬಿಟ್ಟದ್ರಿ."

"ಬಿಟ್ಟದ ಅಂದ್ರೆ?" ಅಂದೆ ಗಾಬರಿಯಿಂದ. "ಬಂತೋ, ಹೋಯ್ತೋ?"

ಅವಳು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. "ಹೋಯ್ತ್ರಿ, ಹೋಯ್ತು."

ಮಂಚದ ಮೇಲೆ ಸಣ್ಣ ಮುಖದ, ನೆರೆತ ಕೂದಲಿನ ಹೆಂಗಸು ದಿಂಬಿಗೆ ಒರಗಿ ಕೂತಿದ್ದಳು. ಕೈಗೆ ಸಲೈನ್ ಸೂಜಿ, ಕಾಲಿಗೆ ಮತ್ತೆ ಬೆಳ್ಳಿಯ ಕಡಗ. ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಅವಳೂ ನನ್ನ ಮುಖ ನೋಡಿರಲಿಲ್ಲ.

"ಯಪ್ಪಾ, ಉಂಡ್ರೇನು?"

ಉಂಡೆ ಅಂದೆ. ಉಂಡಿರಲಿಲ್ಲ. ಸ್ಟೂಲು ಎಳೆದುಕೊಂಡು ಕೂತೆ. ಅವಳು ಸೂಜಿ ಇಲ್ಲದ ಕೈಯಿಂದ ನನ್ನ ಮೊಣಕಾಲು ಮುಟ್ಟಿದಳು.

"ಆ ಗದ್ದಲದಾಗ ನೀವು ಏನೇನೋ ಒದರಾಕತ್ತಿದ್ರಿ. ದನಿ ಬರತಿತ್ತು, ಮಾತು ಒಂದೂ ತಿಳೀಲಿಲ್ಲ ನೋಡ್ರಿ. ಯಾರೋ ಬಾಜೂಕ ಅದಾರ ಅಂತ ಮಾತ್ರ ಅನಸ್ತಿತ್ತು. ಈಗ ಹೇಳ್ರಿ, ಏನಂದ್ರಿ?"

ಮಗಳು ನೀರಿನ ಲೋಟ ಹಿಡಿದು ಅಲ್ಲೇ ನಿಂತಿದ್ದಳು. ಹೇಳುವುದಕ್ಕೆ ಏನೂ ಇಲ್ಲ ಅಂತ ಎದ್ದು ಬರಬಹುದಿತ್ತು. ಸ್ಟೂಲನ್ನು ಮಂಚಕ್ಕೆ ಇನ್ನಷ್ಟು ಹತ್ತಿರ ಎಳೆದುಕೊಂಡೆ.

"ಗಾಳಿ ಬಿಟ್ಟಿತ್ತು ಅಕ್ಕ," ಅಂದೆ.

"ಹ್ಞೂಂ," ಅಂದಳು. "ಮುಂದ?"